‘ಲವ್’ ಪದದ ಜತೆಗಾರರು: ಇಂಗ್ಲಿಷ್ ಪ್ರಾಸದ ಹುಡುಕಾಟದಲ್ಲಿ ಅಡ್ಡಸಾಲು ಮತ್ತು ಕಂಬಸಾಲು

ಇಂಗ್ಲಿಷಿನ ಪ್ರೇಮಗೀತೆಗಳಲ್ಲಿ ಪಾರಿವಾಳ, ಕೈಗವಸು, ‘ಮೇಲಿನ’ ಆಕಾಶ ಇವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಕವಿಗಳ ಅಭಿರುಚಿಗಿಂತ ಆ ಭಾಷೆಯ ಪದಸಂಗ್ರಹವೇ ಹೆಚ್ಚು ಕಾರಣ. ‘ಲವ್’ ಎಂಬ ಪದಕ್ಕೆ ದಿನಬಳಕೆಯ ಪೂರ್ಣಪ್ರಾಸಗಳು ನಾಲ್ಕೇ ನಾಲ್ಕು: ಮೇಲೆ ಎಂಬರ್ಥದ ಅಬವ್, ಪಾರಿವಾಳದ ಡವ್, ಕೈಗವಸಿನ ಗ್ಲವ್, ತಳ್ಳು ಎಂಬರ್ಥದ ಶವ್. ನಾವು ‘ಆಫ್’ ಎಂದು ಓದುವ ಸಂಬಂಧಸೂಚಕ ಪದವನ್ನು ಅಮೆರಿಕನ್ನರು ‘ಅವ್’ ಎನ್ನುತ್ತಾರೆ. ಅವರಿಗೆ ಐದನೆಯದೊಂದು ಒದಗುತ್ತದೆ. ಕಾವ್ಯಕ್ಕೆ ಇಷ್ಟು ಬೇಕಾದ ಪದಕ್ಕೆ ಇಷ್ಟು ಕಡಿಮೆ ಜತೆಗಾರರಿರುವುದರಿಂದ, ಪ್ರಾಸವನ್ನು ಹುಡುಕುವ ಕ್ರಮವನ್ನೂ ಪೂರ್ಣಪ್ರಾಸ ಸಿಗದಾಗ ಸಮೀಪಪ್ರಾಸವನ್ನು ಆರಿಸುವ ಕ್ರಮವನ್ನೂ ಪರೀಕ್ಷಿಸಲು ಈ ಒಂದೇ ಪದ ಸಾಕು.

ಇಂಗ್ಲಿಷಿನ ಪೂರ್ಣಪ್ರಾಸದ ಲಕ್ಷಣ ಹೀಗಿದೆ: ಪದದಲ್ಲಿ ಬಲಾಘಾತ ಬೀಳುವ ಕೊನೆಯ ಸ್ವರದಿಂದ ಹಿಡಿದು ಪದಾಂತ್ಯದವರೆಗೆ ಎಲ್ಲ ಧ್ವನಿಗಳೂ ಒಂದೇ ಆಗಿರಬೇಕು, ಆ ಸ್ವರದ ಹಿಂದಿನ ವ್ಯಂಜನ ಮಾತ್ರ ಬೇರೆಯಾಗಿರಬೇಕು. ಆದ್ದರಿಂದ ಹುಡುಕಾಟ ಪದದ ಕೊನೆಯಿಂದಲ್ಲ, ಬಲಾಘಾತದ ಸ್ವರದಿಂದ ಹೊರಡಬೇಕು. ‘ರೆಕಾರ್ಡ್’ ಎಂಬ ಪದವನ್ನೇ ನೋಡಿ. ಕ್ರಿಯಾಪದವಾದಾಗ ಭಾರ ಎರಡನೆಯ ಉಚ್ಚಾರಾಂಶದ ಮೇಲಿರುವುದರಿಂದ ಅದು ‘ಅವಾರ್ಡ್’, ‘ಅಫೋರ್ಡ್’ಗಳೊಡನೆ ಕೂಡುತ್ತದೆ. ನಾಮಪದವಾದಾಗ ಭಾರ ಮೊದಲಿಗೆ ಸರಿದು ಆ ನಂಟು ಕಡಿದುಹೋಗುತ್ತದೆ. ಬರಹದಲ್ಲಿ ಎರಡೂ ಒಂದೇ. ‘ಲೀವ್’ ಮತ್ತು ‘ಬಿಲೀವ್’ ಜೋಡಿಯ ತೊಡಕು ಬೇರೆ: ಸ್ವರದ ಹಿಂದಿನ ಲಕಾರವೂ ಒಂದೇ ಆದ್ದರಿಂದ ಅಲ್ಲಿ ಪ್ರಾಸಕ್ಕಿಂತ ಪುನರುಕ್ತಿಯೇ ಕೇಳಿಸುತ್ತದೆ.

ಕಾಗುಣಿತವನ್ನು ನಂಬಿದವರಿಗೆ ‘ಲವ್’ ಬಹಳ ಮೋಸ ಮಾಡುತ್ತದೆ. ಲವ್, ಮೂವ್, ರೋವ್ ಈ ಮೂರರ ಕೊನೆಯ ಮೂರು ಅಕ್ಷರಗಳು ಇಂಗ್ಲಿಷ್ ಬರಹದಲ್ಲಿ ಒಂದೇ. ಉಚ್ಚಾರಣೆಯಲ್ಲಿ ಮೂರು ಸ್ವರಗಳು. ಹಳೆಯ ಇಂಗ್ಲಿಷಿನಲ್ಲಿ ‘ಲವ್’ ಉಕಾರದ ಪದ. ನೆಟ್ಟಗೀಟುಗಳಿಂದಲೇ ಬರೆಯುತ್ತಿದ್ದ ಯು, ವಿ, ಎನ್, ಎಮ್ ಅಕ್ಷರಗಳು ಒಟ್ಟಿಗೆ ಬಂದರೆ ಓದುವವರಿಗೆ ಗೊಂದಲವಾಗುತ್ತಿತ್ತು. ಹಾಗಾಗಿ ಮಧ್ಯಯುಗದ ಲಿಪಿಕಾರರು ಅಂಥ ಕಡೆ ಯು ಬದಲು ಓ ಬರೆಯುವ ರೂಢಿ ಬೆಳೆಸಿಕೊಂಡರು. ಮಗ ಎಂಬರ್ಥದ ‘ಸನ್’, ಬಾ ಎಂಬರ್ಥದ ‘ಕಮ್’ ಪದಗಳಲ್ಲಿಯೂ ಅದೇ ಓ ಉಳಿದಿದೆ. 1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ಸಾನೆಟ್ಟುಗಳಲ್ಲಿ ‘ಲವ್’ ಮತ್ತು ‘ಪ್ರೂವ್’ ಪ್ರಾಸದ ಸ್ಥಾನದಲ್ಲಿ ಕೂಡಿಬರುತ್ತವೆ. ಇಂದಿನ ಓದುಗರು ಇದನ್ನು ಕಣ್ಣಿಗಷ್ಟೇ ಕಾಣುವ ಪ್ರಾಸವೆಂದು ಬಗೆಯುತ್ತಾರೆ. ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ ಅವರ ಪ್ರಕಾರ ಆ ಕಾಲದ ಉಚ್ಚಾರಣೆಯಲ್ಲಿ ಅವು ಕಿವಿಗೂ ಕೂಡುತ್ತಿದ್ದವು. ಈ ವಾದ ಸರಿಯೆಂದು ನನ್ನ ಎಣಿಕೆ, ಏಕೆಂದರೆ ಇಂಥ ಜೋಡಿಗಳು ಅಲ್ಲಿ ಒಂದೆರಡು ಕಡೆಯಲ್ಲ, ಪದೇ ಪದೇ ಬರುತ್ತವೆ.

ಹಳೆಯ ಪ್ರಾಸಕೋಶಗಳು ಕಾಗುಣಿತವನ್ನೇ ನೆಚ್ಚಿಕೊಂಡಿದ್ದವು. 1570ರಲ್ಲಿ ಪೀಟರ್ ಲೆವಿನ್ಸ್ ಇಂಗ್ಲಿಷ್–ಲ್ಯಾಟಿನ್ ಕೋಶವೊಂದನ್ನು ಪದಾಂತ್ಯಗಳ ಕ್ರಮದಲ್ಲಿ ಜೋಡಿಸಿದ. 1775ರ ಜಾನ್ ವಾಕರ್‌ನ ಕೋಶ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದುತ್ತಾ ಅನುಕ್ರಮಗೊಳಿಸಿತು. ನಟನಾಗಿದ್ದು ಉಚ್ಚಾರಣೆಯ ಬೋಧಕನಾದ ವಾಕರ್‌ಗೆ ಈ ಕ್ರಮದ ಕೊರತೆ ತಿಳಿದಿತ್ತು. ಅದಕ್ಕೇ ಪೂರ್ಣಪ್ರಾಸಗಳನ್ನೂ ‘ಒಪ್ಪಬಹುದಾದ’ ಪ್ರಾಸಗಳನ್ನೂ ಬೇರ್ಪಡಿಸಿ ತೋರಿಸುವ ಸೂಚಿಯೊಂದನ್ನು ಸೇರಿಸಿದ. ಸಮೀಪಪ್ರಾಸಕ್ಕೆ ಕೋಶದೊಳಗೆ ಒಂದು ಸ್ಥಾನ ಸಿಕ್ಕಿದ್ದು ಹೀಗೆ. ಇಂದಿನ ಕಂಪ್ಯೂಟರ್ ಹುಡುಕಾಟಗಳಲ್ಲಿ ಅನೇಕವು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ಕೋಶವನ್ನು ಆಧರಿಸಿವೆ. 1,30,000ಕ್ಕೂ ಮಿಕ್ಕಿದ ಪದಗಳನ್ನು ಅದು 39 ಧ್ವನಿಮಾಗಳಲ್ಲಿ ಬರೆದಿಡುತ್ತದೆ. ಪ್ರತಿ ಸ್ವರದ ಪಕ್ಕದಲ್ಲಿ 0, 1, 2 ಎಂಬ ಅಂಕಿಯಿಂದ ಬಲಾಘಾತವನ್ನು ಸೂಚಿಸುತ್ತದೆ. ಅದು ಅಮೆರಿಕದ ಉಚ್ಚಾರಣೆ ಎಂಬುದನ್ನು ಮರೆತರೆ ಲಂಡನ್ನಿನ ಕಿವಿಗೆ ಒಗ್ಗದ ಜೋಡಿಗಳೂ ಪೂರ್ಣಪ್ರಾಸವೆಂದು ಬಂದು ಕೂರುತ್ತವೆ.

ಕನ್ನಡ ಬಲ್ಲವರ ಕೈಯಲ್ಲಿ ಈ ಹುಡುಕಾಟಕ್ಕೆ ಇನ್ನೊಂದು ಸಾಧನವಿದೆ. ಇಂಗ್ಲಿಷ್ ಪದವನ್ನು ನಮ್ಮ ಲಿಪಿಯಲ್ಲಿ ಬರೆದೊಡನೆ ಕಾಗುಣಿತದ ಮುಸುಕು ಸರಿಯುತ್ತದೆ. ಮೇಲೆ ಲವ್, ಮೂವ್, ರೋವ್ ಎಂದು ಬರೆದಾಗಲೇ ಅವು ಬೇರೆಯಾದವು. ಆದರೆ ಈ ಸಾಧನಕ್ಕೂ ಎಲ್ಲೆಯಿದೆ. ಬಲಾಘಾತಕ್ಕೆ ನಮ್ಮಲ್ಲಿ ಗುರುತಿಲ್ಲ. ‘ಹಾಲ್’ ಮತ್ತು ‘ಡಾಲ್’ ಕನ್ನಡ ಬರಹದಲ್ಲಿ ಚೊಕ್ಕ ಪ್ರಾಸ. ಬ್ರಿಟಿಷ್ ಉಚ್ಚಾರಣೆಯಲ್ಲಿ ಒಂದರ ಸ್ವರ ದೀರ್ಘ, ಇನ್ನೊಂದರದು ಹ್ರಸ್ವ, ಗುಣವೂ ಬೇರೆ.

ಇನ್ನು ಸಮೀಪಪ್ರಾಸ. ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1890ರಲ್ಲಿ, ಅವಳ ಕವಿತೆಗಳನ್ನು ಪ್ರಕಟಿಸಿದ ಸಂಪಾದಕರು ಕೆಲವು ಕಡೆ ಅವಳ ಸಮೀಪಪ್ರಾಸವನ್ನು ‘ತಿದ್ದಿ’ದರು, ಅವಳು ಬರೆದ ಪಾಠವನ್ನು ಓದಲು ಲೋಕ 1955ರ ಥಾಮಸ್ ಜಾನ್ಸನ್ ಆವೃತ್ತಿಯವರೆಗೆ ಕಾಯಬೇಕಾಯಿತು. ಮೊದಲ ಮಹಾಯುದ್ಧದ ಕೊನೆಯ ವಾರದಲ್ಲಿ ಮಡಿದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವನ್ ವ್ಯಂಜನಗಳ ಚೌಕಟ್ಟನ್ನು ಉಳಿಸಿಕೊಂಡು ನಡುವಿನ ಸ್ವರವನ್ನಷ್ಟೇ ಬದಲಿಸಿದ. ಆ ದಾರಿಯಲ್ಲಿ ‘ಲವ್’ಗೆ ‘ಲಿವ್’, ‘ಲೀವ್’ ಜತೆಯಾಗುತ್ತವೆ.

ಸ್ವರವನ್ನು ಹಿಡಿದು ವ್ಯಂಜನವನ್ನು ಸಡಿಲಿಸುವುದು ಹೆಚ್ಚು ಬಳಕೆಯಲ್ಲಿರುವ ದಾರಿ. ಭಾಷಾವಿಜ್ಞಾನಿ ಆರ್ನಲ್ಡ್ ಝ್ವಿಕಿ 1976ರಲ್ಲಿ ರಾಕ್ ಸಂಗೀತದ ಸಾಹಿತ್ಯವನ್ನು ಪರೀಕ್ಷಿಸಿ, ಅಲ್ಲಿನ ಅಪೂರ್ಣಪ್ರಾಸಗಳು ಮನಬಂದಂತೆ ಹುಟ್ಟಿದವಲ್ಲ, ಪದಾಂತ್ಯದ ವ್ಯಂಜನಗಳು ಒಂದೆರಡು ಧ್ವನಿಲಕ್ಷಣಗಳಲ್ಲಿ ಮಾತ್ರ ಬೇರೆಯಾಗುತ್ತವೆ ಎಂದು ತೋರಿಸಿದರು. ಗೀತರಚನೆಯ ಬೋಧಕ ಪ್ಯಾಟ್ ಪ್ಯಾಟಿಸನ್ ಇದನ್ನೇ ‘ಕುಟುಂಬ ಪ್ರಾಸ’ ಎಂದು ಕರೆದು ಸ್ಪರ್ಶ, ಘರ್ಷ, ಅನುನಾಸಿಕ ಎಂದು ವ್ಯಂಜನಗಳನ್ನು ಗುಂಪು ಮಾಡಿದರು. ಕ್ಯಾಬ್, ಬ್ಯಾಡ್, ಬ್ಯಾಗ್ ಒಂದು ಕುಟುಂಬ. ಕಮ್, ರನ್, ಟಂಗ್ ಇನ್ನೊಂದು.

ಇದನ್ನು ನಮ್ಮ ವರ್ಣಮಾಲೆಯ ಪಟ್ಟಿಯ ಮೇಲಿಟ್ಟು ನೋಡಿದರೆ ವಿಶೇಷವೊಂದು ಕಾಣುತ್ತದೆ. ಬ, ಡ, ಗ ಮತ್ತು ಮ, ನ, ಙ ನಮ್ಮ ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ, ಒಂದೇ ಕಂಬಸಾಲಿನಲ್ಲಿ ನಿಲ್ಲುವ ಅಕ್ಷರಗಳು: ಸ್ಥಾನ ಬೇರೆ, ಪ್ರಯತ್ನ ಒಂದೇ. ಕನ್ನಡದ ಲಕ್ಷಣಕಾರರು ಒಪ್ಪಿದ ವರ್ಗಪ್ರಾಸವಾದರೋ ಕ, ಖ, ಗ, ಘ ಎಂದು ಅಡ್ಡಸಾಲಿನಲ್ಲಿ ಚಲಿಸುತ್ತದೆ: ಸ್ಥಾನ ಒಂದೇ, ಪ್ರಯತ್ನ ಬೇರೆ. ಎರಡು ಸಂಪ್ರದಾಯಗಳೂ ಪ್ರಾಸವನ್ನು ಸಡಿಲಿಸಿವೆ, ಆದರೆ ಒಂದು ನಿಂತ ದಿಕ್ಕಿನಲ್ಲಿ, ಇನ್ನೊಂದು ಮಲಗಿದ ದಿಕ್ಕಿನಲ್ಲಿ.

ಇದರ ಕಾರಣ ಸ್ವರದ ಅಳತೆಯಲ್ಲಿದೆ ಎಂಬುದು ನನ್ನ ವಾದ. ಇಂಗ್ಲಿಷಿನಲ್ಲಿ ಅಘೋಷ ವ್ಯಂಜನದ ಹಿಂದಿನ ಸ್ವರ ಮೊಟಕಾಗುತ್ತದೆ. ‘ಬ್ಯಾಟ್’ನ ಸ್ವರ ‘ಬ್ಯಾಡ್’ನದಕ್ಕಿಂತ ಎದ್ದು ಕೇಳುವಷ್ಟು ಚಿಕ್ಕದು. ಅಡ್ಡಸಾಲಿನಲ್ಲಿ ಗಕಾರದಿಂದ ಕಕಾರಕ್ಕೆ ಸರಿದರೆ ವ್ಯಂಜನದ ಜೊತೆಗೆ ಪ್ರಾಸದ ಆಧಾರವಾದ ಸ್ವರವೂ ಕೆಡುತ್ತದೆ. ಕಂಬಸಾಲಿನಲ್ಲಿ ಆ ನಷ್ಟವಿಲ್ಲ. ಕನ್ನಡದ ಆದಿಪ್ರಾಸದಲ್ಲಿ ಆಧಾರ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ. ಅದರ ಮೇಲಿನ ಸ್ವರ ಬದಲಾಗಬಹುದು; ಹಿಂದಿನ ಅಕ್ಷರದ ಹ್ರಸ್ವ ದೀರ್ಘಗಳನ್ನು ಸಿಂಹಪ್ರಾಸ, ಗಜಪ್ರಾಸ ಎಂದು ಮೊದಲೇ ಕಟ್ಟುಮಾಡಲಾಗಿದೆ. ಕಕಾರ ಗಕಾರವಾದ ಮಾತ್ರಕ್ಕೆ ಆ ಅಳತೆ ಅಲುಗದು. ಹಾಗಾಗಿ ನಮ್ಮವರು ಸ್ಥಾನವನ್ನು ಹಿಡಿದುಕೊಂಡರು.

ಮತ್ತೆ ‘ಲವ್’ಗೆ ಬರೋಣ. ಅದರ ಕೊನೆಯದು ಘೋಷ ಘರ್ಷ ವ್ಯಂಜನ. ಅಡ್ಡಸಾಲಿಗೆ ಹೋದರೆ ರಫ್, ಟಫ್, ಎನಫ್. ಕಂಬಸಾಲಿಗೆ ಹೋದರೆ ಬಜ಼್, ಫಜ಼್, ಡಜ಼್. ಈ ವಾದದಂತೆ ಎರಡನೆಯ ಗುಂಪೇ ಹತ್ತಿರದ್ದಾಗಬೇಕು. ಆದರೆ ಹಾಡುಗಳಲ್ಲಿ ‘ಲವ್’ಗೆ ‘ಎನಫ್’ ಕೂಡಿಸುವುದು ಬಹಳ ರೂಢಿ. ಇದು ವಾದಕ್ಕೆ ಎದುರು ನಿಲ್ಲುವ ಸಾಕ್ಷ್ಯವೆಂದು ನಾನು ತಿಳಿಯುವುದಿಲ್ಲ. ಹಾಡಿನಲ್ಲಿ ಸ್ವರದ ಉದ್ದವನ್ನು ನಿರ್ಧರಿಸುವುದು ರಾಗ. ಎರಡೂ ಪದಗಳು ಒಂದೇ ಅಳತೆಗೆ ಎಳೆಯಲ್ಪಡುತ್ತವೆ, ಮೊಟಕಾಗುವ ಪ್ರಶ್ನೆ ಏಳುವುದಿಲ್ಲ. ತುಟಿ–ಹಲ್ಲಿನ ಸ್ಥಾನವೂ ಒಂದೇ ಆದ್ದರಿಂದ ಜೋಡಿ ಬಲಗೊಳ್ಳುತ್ತದೆ. ಅದೇ ಪದಗಳನ್ನು ಓದುವ ಕವಿತೆಯಲ್ಲಿಟ್ಟು ಗಟ್ಟಿಯಾಗಿ ಓದಿದರೆ ‘ಎನಫ್’ ಗಕ್ಕನೆ ನಿಂತುಬಿಡುತ್ತದೆ. ಸಮೀಪಪ್ರಾಸದ ಕೋಶಗಳು ಹಾಡಿಗೊಂದು, ಓದಿಗೊಂದು ಅನುಕ್ರಮ ಕೊಡಬೇಕಾದದ್ದು ಈ ಕಾರಣಕ್ಕೆ. ಇಂಗ್ಲಿಷ್ ಛಂದಸ್ಸನ್ನು ಕನ್ನಡದಲ್ಲಿ ಪಾಠ ಹೇಳುವ ಅಧ್ಯಾಪಕರು ಈ ಎರಡು ಗುಂಪುಗಳನ್ನು ತಮ್ಮ ವಿದ್ಯಾರ್ಥಿಗಳಿಗೆ ಒಮ್ಮೆ ಓದಿ, ಒಮ್ಮೆ ಹಾಡಿ ಕೇಳಿಸಿ, ಅವರ ಕಿವಿಯ ತೀರ್ಪನ್ನು ಬರೆದಿಡಬೇಕೆಂದು ಕೋರುತ್ತೇನೆ.