ಗೋಳದ ಮೇಲೊಂದು ದಾರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿ ನಮಾಝ್‌ಗೆ ನಿಂತರೂ ಕಿಬ್ಲಾ ಪಶ್ಚಿಮಕ್ಕೆ ಎನ್ನುವುದು ನಮ್ಮ ರೂಢಿಯ ಮಾತು. ಲೆಕ್ಕ ಹಾಕಿದರೆ ಅದು ನೇರ ಪಶ್ಚಿಮದಿಂದ ಸುಮಾರು 17 ಡಿಗ್ರಿ ಉತ್ತರಕ್ಕಿದೆ. ಗೋಡೆಯ ಚಪ್ಪಟೆ ನಕ್ಷೆಯಲ್ಲಿ ಗೆರೆ ಎಳೆದರೆ ಈ ಕೋನ ಸರಿಯಾಗಿ ಸಿಗದು. ಗೋಳದ ಮೇಲೆ ನಮ್ಮೂರಿನಿಂದ ಮಕ್ಕಾಕ್ಕೆ ದಾರವನ್ನು ಬಿಗಿಯಾಗಿ ಹಿಡಿದರೆ ಸಿಗುತ್ತದೆ.

ಕಿಬ್ಲಾ, ನಮಾಝಿನ ವೇಳೆ, ಪ್ರಯಾಣದ ದಾರಿ ಇವುಗಳ ಅಗತ್ಯವೇ ನಮ್ಮ ಪೂರ್ವಿಕರನ್ನು ಆಕಾಶ ನೋಡಲು ಹಚ್ಚಿತು. ಅಬ್ದುರ್‍ರಹ್ಮಾನ್ ಅಲ್-ಸೂಫಿ ಕ್ರಿ.ಶ. 964ರ ಸುಮಾರಿಗೆ 48 ನಕ್ಷತ್ರಪುಂಜಗಳನ್ನು ವಿವರಿಸಿ ಗ್ರಂಥ ಬರೆದರು. ಮುಂದೆ ಶತಮಾನಗಳ ಕಾಲ ಖಗೋಳ ಮಾಡುವವರಿಗೆ ಅದೇ ಆಧಾರವಾಯಿತು. 1267ರಲ್ಲಿ ಜಮಾಲುದ್ದೀನ್ ಎಂಬ ವಿದ್ವಾಂಸರು ಚೀನಾದ ಕುಬ್ಲಾಯ್ ಖಾನನ ಆಸ್ಥಾನಕ್ಕೆ ಮರದ ಭೂಗೋಳವನ್ನು ಒಯ್ದರು. ಅದರಲ್ಲಿ ಏಳು ಪಾಲು ನೀರು ಹಸಿರು, ಮೂರು ಪಾಲು ನೆಲ ಬಿಳಿ.

ನಮ್ಮ ಕಲಬುರಗಿಯಿಂದ ಆಳಿದ ಫಿರೋಜ್ ಷಾ ಬಹಮನಿಯೂ ಖಗೋಳಪ್ರಿಯ. 1407ರಲ್ಲಿ ದೌಲತಾಬಾದ್ ಬಳಿ ವೀಕ್ಷಣಾಲಯ ಕಟ್ಟಲು ಆಜ್ಞೆ ಮಾಡಿದ. ಆದರೆ ಅದರ ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗೀಲಾನಿ ತೀರಿಕೊಂಡರು, ಕೆಲಸ ಅರ್ಧಕ್ಕೇ ನಿಂತಿತು. ಅರಸನ ಹಣವಿತ್ತು, ಆಸಕ್ತಿಯೂ ಇತ್ತು. ವಿದ್ಯೆ ಮುಂದುವರಿಸುವ ಕೈಗಳಿರಲಿಲ್ಲ.

ಲಾಹೋರಿನ ಕಥೆ ಬೇರೆ. ಹುಮಾಯೂನನ ಕಾಲದ ಉಸ್ತಾದ್ ಅಲ್ಲಾಹ್‌ದಾದ್ ಅವರ ಮನೆಯಲ್ಲಿ ನಾಲ್ಕು ತಲೆಮಾರು ಖಗೋಳ ಯಂತ್ರಗಳನ್ನು ಮಾಡಿದವು. ಮರಿಮಗ ಝಿಯಾಉದ್ದೀನ್ ಮುಹಮ್ಮದ್ ತನ್ನ ಹೆಸರಿನ ಜೊತೆ ತಂದೆ, ತಾತ, ಮುತ್ತಾತರ ಹೆಸರನ್ನೂ ಲೋಹದ ಮೇಲೆ ಕೆತ್ತುತ್ತಿದ್ದರು. ಇವರ ಗೋಳಗಳಿಗೆ ಬೆಸುಗೆಯಿಲ್ಲ. ಮಣ್ಣಿನ ಉಂಡೆಗೆ ಮೇಣ ಹಚ್ಚಿ, ಮೇಲೆ ಮತ್ತೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಿದ್ದರು. ನಕ್ಷತ್ರಗಳ ಜಾಗದಲ್ಲಿ ಬೆಳ್ಳಿಯ ಚುಕ್ಕಿ. ಹತ್ತೊಂಬತ್ತನೇ ಶತಮಾನದಲ್ಲಿ ಅದೇ ಲಾಹೋರಿನಲ್ಲಿ ಲಾಲಾ ಬಲ್ಹುಮಲ್ ಎಂಬ ಹಿಂದೂ ಕುಶಲಕರ್ಮಿ ಈ ಪರಂಪರೆಯನ್ನು ಮುಂದುವರಿಸಿ, ಯಂತ್ರಗಳ ಮೇಲೆ ಅರಬಿ-ಪಾರಸಿ ಮಾತ್ರವಲ್ಲ, ಸಂಸ್ಕೃತವನ್ನೂ ಕೆತ್ತಿದರು. ವಿದ್ಯೆ ಕಲಿತವರದ್ದು.

ಇಂದು ಮೊಬೈಲ್ ಕಿಬ್ಲಾ ತೋರಿಸುತ್ತದೆ. ಅದು ಯಾಕೆ ಅತ್ತ ತೋರಿಸುತ್ತದೆ ಎಂದು ಮಗಳು ಕೇಳಿದರೆ ನಮ್ಮಲ್ಲಿ ಉತ್ತರವಿದೆಯೇ? ಹಳೆಯ ಮಸೀದಿಯ ಸಫ್ ಬಗ್ಗೆ ತಕರಾರು ಎಬ್ಬಿಸಲು ಈ ಮಾತಲ್ಲ. ಅದನ್ನು ಉಲಮಾಗಳಿಗೆ ಬಿಡೋಣ. ಈ ಜುಮುಅದ ಸಂಜೆ ಒಂದು ಶಾಲಾ ಗೋಳ, ಒಂದು ದಾರ ಹಿಡಿದು ಮಕ್ಕಳ ಜೊತೆ ಕೂರೋಣ. ದೌಲತಾಬಾದಿನಲ್ಲಿ ನಿಂತುಹೋದದ್ದು ನಮ್ಮ ಮನೆಯಲ್ಲಿ ನಿಲ್ಲದಿರಲಿ.