ತರಗತಿಗೆ ಬಂದ ಗಣಕಯಂತ್ರ ಮತ್ತು ಗುರುವಿನ ಸ್ಥಾನ

ಬೂವನಹಳ್ಳಿ ಹಾಗೂ ಸುತ್ತಮುತ್ತಲ ಊರಿನವರಿಗೆ ಹಾಸನದ ಎಂ.ಸಿ.ಎಫ್. ಅಪರಿಚಿತವಲ್ಲ. 1982ರಿಂದ ದೇಶದ ಉಪಗ್ರಹಗಳನ್ನು ನಿಯಂತ್ರಿಸುತ್ತಿರುವ ಇಸ್ರೋದ ಈ ಕೇಂದ್ರವೇ, 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡ ‘ಎಜುಸ್ಯಾಟ್’ ಉಪಗ್ರಹದ ಹೊಣೆಯನ್ನೂ ಹೊತ್ತಿತು. ಶಿಕ್ಷಣಕ್ಕೆಂದೇ ಮೀಸಲಾಗಿದ್ದ ಭಾರತದ ಮೊದಲ ಉಪಗ್ರಹವದು. ಅದರ ಮೂಲಕ ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಪಾಠಗಳು ತಲುಪಿದವು. 2010ರಲ್ಲಿ ಅದರ ಸೇವೆ ಮುಗಿಯಿತು. ಅದು ಎತ್ತಿದ ಪ್ರಶ್ನೆ ಮಾತ್ರ ಮುಗಿದಿಲ್ಲ. ಪಾಠವನ್ನು ಶಾಲೆಯ ಬಾಗಿಲಿಗೆ ಯಂತ್ರ ತರಬಲ್ಲದು. ಮಗುವಿನ ಮನಸ್ಸಿಗೆ ಅದನ್ನು ತಲುಪಿಸುವವರು ಯಾರು?

ಗಣಕಯಂತ್ರದ ಇತಿಹಾಸವೂ ಇದೇ ಪ್ರಶ್ನೆಯನ್ನು ಕೇಳುತ್ತದೆ. 1984ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಯೋಜನೆಯಡಿ ಆಯ್ದ ಶಾಲೆಗಳಿಗೆ ‘ಬಿ.ಬಿ.ಸಿ. ಮೈಕ್ರೋ’ ಗಣಕಗಳನ್ನು ನೀಡಿತು. ಅಂದು ಗಣಕದ ಪರಿಚಯವೇ ಮುಖ್ಯವಾಗಿತ್ತು. ಗಣಿತವನ್ನೋ ವಿಜ್ಞಾನವನ್ನೋ ಅದರಿಂದ ಕಲಿಯುವ ಮಾತು ಹಿಂದುಳಿಯಿತು. ಮುಂದೆ 2000ದ ದಶಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಪಾಠದ ಸಿ.ಡಿ.ಗಳನ್ನು ಸಿದ್ಧಪಡಿಸಿತು. ಕಥೆ, ಆಟಗಳ ರೂಪದಲ್ಲಿದ್ದ ಅವು ಮಕ್ಕಳನ್ನು ಸೆಳೆದವು. ಆದರೂ ಕೆಲವು ವರ್ಷಗಳ ಅನುಭವದ ಬಳಿಕ ಆ ಸಂಸ್ಥೆಯೇ ಸಿ.ಡಿ.ಗಳ ಕಾರ್ಯವನ್ನು ಬದಿಗಿರಿಸಿ, ಶಿಕ್ಷಕರ ಸಾಮರ್ಥ್ಯವನ್ನು ಬೆಳೆಸುವತ್ತ ಹೊರಳಿತು.

2011ರ ಸುಮಾರಿಗೆ ನಮ್ಮ ರಾಜ್ಯದಲ್ಲಿ ಕ್ರಮವೇ ಬದಲಾಯಿತು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ‘ಐ.ಟಿ. ಫಾರ್ ಚೇಂಜ್’ ಸಂಸ್ಥೆಯೊಡನೆ ಸೇರಿ, ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೇ ಮೊದಲು ತರಬೇತಿ ನೀಡಿತು. ಗಣಿತದ ಶಿಕ್ಷಕರು ಕಲಿತ ತಂತ್ರಾಂಶಗಳಲ್ಲಿ ‘ಜಿಯೋಜಿಬ್ರಾ’ ಒಂದು. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ರೂಪಿಸಲಾರಂಭಿಸಿದ ಇದನ್ನು ಶಾಲೆಗಳು ಹಣ ತೆರದೆ ಬಳಸಬಹುದು. ಪರದೆಯ ಮೇಲಿನ ತ್ರಿಭುಜದ ಒಂದು ಮೂಲೆಯನ್ನು ಹಿಡಿದೆಳೆದರೆ ಆಕೃತಿ ಬದಲಾಗುತ್ತದೆ, ಮೂರು ಕೋನಗಳ ಅಳತೆಗಳೂ ಬದಲಾಗುತ್ತವೆ; ಮೊತ್ತ ಮಾತ್ರ 180 ಡಿಗ್ರಿಯಾಗಿಯೇ ಉಳಿಯುತ್ತದೆ. ಕಪ್ಪುಹಲಗೆಯ ಮೇಲೆ ಒಂದೆರಡು ತ್ರಿಭುಜಗಳನ್ನು ಕಾಣುತ್ತಿದ್ದ ವಿದ್ಯಾರ್ಥಿ ಇಲ್ಲಿ ನೂರನ್ನು ಕಾಣುತ್ತಾನೆ. ಆದರೆ “ಮೊತ್ತ ಏಕೆ ಬದಲಾಗುವುದಿಲ್ಲ?” ಎಂದು ತಂತ್ರಾಂಶ ತಾನಾಗಿ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿ, ಉತ್ತರ ಮೂಡುವವರೆಗೆ ತಾಳ್ಮೆಯಿಂದ ಕಾಯುವವರು ಗುರುಗಳೇ.

ಇಂದು ಅನೇಕ ಶಾಲೆಗಳಲ್ಲಿ ಸ್ಮಾರ್ಟ್ ತರಗತಿಗಳಿವೆ. 2017ರಲ್ಲಿ ಆರಂಭವಾದ ‘ದೀಕ್ಷಾ’ದ ಪಾಠಗಳು ಮೊಬೈಲಿನಲ್ಲೇ ದೊರೆಯುತ್ತವೆ. ಸಂತೋಷವೇ. ಆದರೆ ಪೋಷಕರೇ, ಮಕ್ಕಳನ್ನು ಶಾಲೆಗೆ ಸೇರಿಸುವಾಗ ಅಲ್ಲಿ ಎಷ್ಟು ಗಣಕಗಳಿವೆ ಎಂದಷ್ಟೇ ವಿಚಾರಿಸಿ ಸುಮ್ಮನಾಗಬೇಡಿರಿ. ಅವುಗಳನ್ನು ಬಳಸಲು ಶಿಕ್ಷಕರಿಗೆ ತರಬೇತಿ ದೊರೆತಿದೆಯೇ, ಮಗು ಪರದೆಯನ್ನು ನೋಡುತ್ತಾ ಕೂರುತ್ತದೆಯೋ ಅಥವಾ ತಾನೇ ಮಾಡಿ ನೋಡುತ್ತದೆಯೋ ಎಂಬುದನ್ನೂ ಕೇಳಿರಿ. ಶುಲ್ಕದ ಭಾರ ಹೊರುವ ಬಡ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಯಂತ್ರಗಳು ಹಳತಾಗುತ್ತವೆ, ಉಪಗ್ರಹಕ್ಕೂ ಆಯುಷ್ಯದ ಮಿತಿಯಿದೆ. ಒಳ್ಳೆಯ ಗುರು ಕಲಿಸಿದ ಪ್ರಶ್ನಿಸುವ ಅಭ್ಯಾಸವಾದರೋ ಮಗುವಿನೊಡನೆ ಜೀವನಪರ್ಯಂತ ಸಾಗುತ್ತದೆ.