ಕಬ್ಬಿಣದ ಲೇಖನಿಗೆ ಜೀವ ಕೊಟ್ಟವರು

ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು. ಅಲ್ಲಿನ ಶಿಲ್ಪಗಳ ಪೀಠಗಳನ್ನು ಗಮನವಿಟ್ಟು ನೋಡಿದರೆ ಕೆಲವು ಹೆಸರುಗಳು ಕಾಣುತ್ತವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲೇ ಕೆತ್ತಿ ಹೋಗಿದ್ದಾರೆ. ಒಂಬೈನೂರು ವರ್ಷಗಳ ನಂತರವೂ ನಾವು ಅವರನ್ನು ಹೆಸರಿಟ್ಟು ಕರೆಯಬಲ್ಲೆವು. ಆದರೆ ಕೇವಲ ಮೂವತ್ತು-ನಲವತ್ತು ವರ್ಷಗಳ ಹಿಂದೆ ಇದೇ ಸೀಮೆಯ ಕಚೇರಿಗಳಲ್ಲಿ ಕನ್ನಡದ ಅಕ್ಷರಗಳು ಸಾಲು ತಪ್ಪದಂತೆ ಕಾಯುತ್ತಿದ್ದ ಟೈಪ್‌ರೈಟರ್ ಮೆಕ್ಯಾನಿಕ್‌ಗಳಲ್ಲಿ ಒಬ್ಬರ ಹೆಸರಾದರೂ ನಮಗೆ ನೆನಪಿದೆಯೇ?

ಈ ಸೀಮೆಗೂ ಕನ್ನಡದ ಬರವಣಿಗೆಗೂ ಇರುವ ನಂಟು ಹಳೆಯದು. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ದೊರೆತದ್ದು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲೇ. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಕನ್ನಡಕ್ಕೆ ಟೈಪ್‌ರೈಟರ್ ಕೀಲಿಮಣೆ ರೂಪುಗೊಂಡದ್ದು ಕೂಡ ಹೆಚ್ಚುಕಡಿಮೆ ಅದೇ ಕಾಲದಲ್ಲಿ. 1930ರ ದಶಕದಲ್ಲಿ ಕೆ. ಅನಂತಸುಬ್ಬರಾವ್ ಅವರು ಅದನ್ನು ವಿನ್ಯಾಸಗೊಳಿಸಿದರು. ಒಂದೆಡೆ ಕಲ್ಲಿನ ಅಕ್ಷರ ಮಣ್ಣಿನಿಂದ ಮೇಲೆದ್ದು ಬರುತ್ತಿದ್ದಾಗ, ಇನ್ನೊಂದೆಡೆ ಕನ್ನಡದ ಅಕ್ಷರ ಉಕ್ಕಿನೊಳಗೆ ಇಳಿಯುತ್ತಿತ್ತು.

ಅದು ಸುಲಭದ ಕೆಲಸವಾಗಿರಲಿಲ್ಲ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ರೂಪಿಸಿದ ಯಂತ್ರವನ್ನು ರೆಮಿಂಗ್ಟನ್ ಕಂಪೆನಿ 1870ರ ದಶಕದಲ್ಲಿ ಮಾರುಕಟ್ಟೆಗೆ ತಂದಾಗ ಅದು ಇಂಗ್ಲಿಷಿನ 26 ಅಕ್ಷರಗಳಿಗೆಂದೇ ಇದ್ದ ಯಂತ್ರ. ಕನ್ನಡದಲ್ಲಿ ತಲೆಕಟ್ಟು, ಗುಡಿಸು, ಕೊಂಬು, ಏತ್ವ, ದೀರ್ಘ ಎಂದು ಚಿಹ್ನೆಗಳಿವೆ. ಪ್ರತಿ ವ್ಯಂಜನಕ್ಕೂ ಒತ್ತಕ್ಷರವಿದೆ. ಇಷ್ಟನ್ನೂ ನಲವತ್ತು ಚಿಲ್ಲರೆ ಕೀಲಿಗಳಲ್ಲಿ ಹಿಡಿಸಬೇಕು. ಅಕ್ಷರವನ್ನು ಅಂಗಾಂಗವಾಗಿ ಬಿಡಿಸಿ, ಹಾಳೆಯ ಮೇಲೆ ಮತ್ತೆ ಜೋಡಿಸುವುದೇ ಇದಕ್ಕೆ ಕಂಡುಕೊಂಡ ದಾರಿ. ಇಂಗ್ಲಿಷಿನಲ್ಲಿ ಒಂದು ಕೀಲಿ ಒತ್ತಿದರೆ ಕ್ಯಾರೇಜ್ ಒಂದು ಹೆಜ್ಜೆ ಸರಿಯುತ್ತದೆ. ಕನ್ನಡದಲ್ಲಿ ಕೆಲವು ಕೀಲಿಗಳು ಅಚ್ಚು ಒತ್ತಿಯೂ ಕ್ಯಾರೇಜನ್ನು ಸರಿಸಬಾರದು. ಹಾಗಿದ್ದರೆ ಮಾತ್ರ ಮೂಲ ಅಕ್ಷರವೂ ಅದರ ಅಂಗವೂ ಒಂದೇ ಜಾಗದಲ್ಲಿ ಕೂಡುತ್ತವೆ. ಈ ವ್ಯವಸ್ಥೆ ಕೂದಲೆಳೆಯಷ್ಟು ಸಡಿಲವಾದರೂ ಒತ್ತು ಪಕ್ಕದ ಅಕ್ಷರದ ಕಾಲಿಗೆ ಹೋಗಿ ಕೂರುತ್ತಿತ್ತು. ಅರ್ಜಿದಾರನ ಹೆಸರೇ ಬದಲಾಗುತ್ತಿತ್ತು.

ಮೆಕ್ಯಾನಿಕ್‌ನ ಕೆಲಸ ಇಲ್ಲಿ ಶುರುವಾಗುತ್ತಿತ್ತು. ಸಣ್ಣದೊಂದು ಮಳಿಗೆ, ಮೇಜಿನ ಮೇಲೆ ಸೀಮೆಎಣ್ಣೆಯ ಬಟ್ಟಲು, ಹಳೆಯ ಹಲ್ಲುಜ್ಜುವ ಬ್ರಷ್, ಸ್ಕ್ರೂಡ್ರೈವರ್, ಇಕ್ಕಳ, ಬೆಸುಗೆ ಕಡ್ಡಿ. ಶಾಯಿ ಮತ್ತು ಧೂಳು ಸೇರಿ ಹೆಪ್ಪುಗಟ್ಟಿದ ಅಚ್ಚುಗಳನ್ನು ತೊಳೆಯುವುದು, ಬಾಗಿದ ಕಡ್ಡಿಗಳನ್ನು ನೇರ ಮಾಡುವುದು, ಸ್ಪ್ರಿಂಗ್ ಬಿಗಿ ಮಾಡುವುದು, ಗಟ್ಟಿಯಾದ ರಬ್ಬರ್ ರೋಲರ್ ಬದಲಿಸುವುದು ದಿನನಿತ್ಯದ ಕೆಲಸ. ಎಲ್ಲಕ್ಕಿಂತ ನಾಜೂಕಿನದು ಕಳಚಿದ ಅಚ್ಚನ್ನು ಕಡ್ಡಿಗೆ ಮತ್ತೆ ಬೆಸೆಯುವುದು. ಅದಕ್ಕೆ ಕೈಚಳಕ ಮಾತ್ರ ಸಾಲದು. ಕನ್ನಡ ಅಕ್ಷರದ ಮೈಕಟ್ಟು ಗೊತ್ತಿರಬೇಕು. ಒತ್ತು ಎಲ್ಲಿ ಕೂರಬೇಕು, ತಲೆಕಟ್ಟು ಎಲ್ಲಿ ಮುಟ್ಟಬೇಕು ಎಂಬುದನ್ನು ವ್ಯಾಕರಣ ಪಂಡಿತನಷ್ಟೇ ಖಚಿತವಾಗಿ ಬಲ್ಲವನಿಗೆ ಮಾತ್ರ ಅದು ಸಾಧ್ಯ. ಮನೆಯಲ್ಲಿ ಉರ್ದುವನ್ನೋ ಬ್ಯಾರಿಯನ್ನೋ ತೆಲುಗನ್ನೋ ಆಡುವ ಕುಶಲಕರ್ಮಿಯೂ ಈ ಕೆಲಸಕ್ಕೆ ಕುಳಿತರೆ ಕನ್ನಡ ಲಿಪಿಯ ಕಾವಲುಗಾರನೇ ಆಗಬೇಕಿತ್ತು.

ಈ ಕಾವಲಿನ ಬೆಲೆ ಎಷ್ಟೆಂದು ಆಡಳಿತದ ಇತಿಹಾಸ ನೋಡಿದರೆ ತಿಳಿಯುತ್ತದೆ. ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಭೂಸುಧಾರಣೆಯ ಮಹತ್ವದ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಗೇಣಿದಾರರ ಹಕ್ಕು ತೀರ್ಮಾನಿಸುವ ಭೂನ್ಯಾಯಮಂಡಳಿಗಳು ತಾಲ್ಲೂಕು ಮಟ್ಟದಲ್ಲೇ ಕೂತವು. ಹಳೇಬೀಡಿನ ರೈತ ತನ್ನ ಕಾಗದಪತ್ರಕ್ಕಾಗಿ ಬೇಲೂರಿನ ತಾಲ್ಲೂಕು ಕಚೇರಿಗೆ ಬರಬೇಕಿತ್ತು. ಅಂಥ ಕಚೇರಿಗಳ ಹೊರಗೆ ಮರದ ನೆರಳಿನಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕುಳಿತವರು ಓದು ಬಾರದವನ ಅಹವಾಲನ್ನು ಕೇಳಿ, ಕಾರ್ಬನ್ ಹಾಳೆ ಇಟ್ಟು ಅಚ್ಚು ಮಾಡಿ ಕೊಡುತ್ತಿದ್ದರು. ಕಾನೂನು ಕನ್ನಡ ಮಾತಾಡಬೇಕೆಂದು ವಿಧಾನಸೌಧ ತೀರ್ಮಾನಿಸಿದರೆ ಸಾಲದು. ತಾಲ್ಲೂಕಿನಲ್ಲಿ ಒಂದು ಯಂತ್ರ ಕೆಡದೆ ನಡೆಯಬೇಕು. ಅದನ್ನು ನಡೆಸಿದ್ದು ಎಣ್ಣೆ ಮೆತ್ತಿದ ಕೈಗಳು.

ಇನ್ನು ಅರಸೀಕೆರೆ. ಬೆಂಗಳೂರು-ಹುಬ್ಬಳ್ಳಿ ದಾರಿಗೆ ಹಾಸನ-ಮೈಸೂರಿನ ದಾರಿ ಕೂಡುವ ರೈಲ್ವೆ ಜಂಕ್ಷನ್, ಜೊತೆಗೆ ತೆಂಗು-ಕೊಬ್ಬರಿಯ ವ್ಯಾಪಾರ. ರೈಲ್ವೆ, ಬ್ಯಾಂಕು, ಮಂಡಿ, ಸರ್ಕಾರಿ ಕಚೇರಿ ಎಲ್ಲಕ್ಕೂ ಟೈಪ್‌ರೈಟರ್ ಬೇಕಿದ್ದ ಕಾಲವದು. ಇಂಥ ಊರುಗಳಲ್ಲೆಲ್ಲ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು ಹುಟ್ಟಿಕೊಂಡವು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರು ಜೂನಿಯರ್, ಸೀನಿಯರ್ ಎಂದು ಪರೀಕ್ಷೆ ಕಟ್ಟಿ, ಆ ಸರ್ಟಿಫಿಕೇಟನ್ನು ನೌಕರಿಯ ಕೀಲಿಕೈಯೆಂದು ಜೋಪಾನ ಮಾಡುತ್ತಿದ್ದರು. ಮನೆಯಿಂದ ಹೊರಗೆ ದುಡಿಯಲು ಅನುಮತಿ ಸಿಗದ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಗೌರವದ ಮೊದಲ ಮೆಟ್ಟಿಲಾಗಿತ್ತು.

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ, ಮುಸ್ಲಿಮರೂ ಸೇರಿದಂತೆ ಹಿಂದುಳಿದವರಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆಯಲು ಮುಂದಾಗಿತ್ತು. ಸುಮಾರು ತೊಂಬತ್ತು ವರ್ಷಗಳ ಬಳಿಕ, 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗಲೂ ದೇಶದ ಮುಸ್ಲಿಮರಲ್ಲಿ ಸ್ವಂತ ಉದ್ಯೋಗ ನಂಬಿದವರೇ ಹೆಚ್ಚು, ಸರ್ಕಾರಿ ನೌಕರಿಯಲ್ಲಿರುವವರು ತೀರಾ ಕಡಿಮೆ ಎಂಬುದು ದಾಖಲಾಯಿತು. ಗಡಿಯಾರ, ಛತ್ರಿ, ಬೀಗ, ಹೊಲಿಗೆ ಯಂತ್ರ ರಿಪೇರಿ ಮಾಡುವ ಕೈಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಆದರೆ ಯಂತ್ರದ ಹಿಂದೆ ನಿಂತು ದುಡಿದವನ ಮಗ ಯಂತ್ರದ ಮುಂದಿನ ಕುರ್ಚಿಗೆ ಬಂದದ್ದು ಅಪರೂಪ. ಕೈಕೆಲಸವನ್ನು ಕೀಳೆಂದು ಕಂಡ ಸಮಾಜದ ತಪ್ಪು ಇದರಲ್ಲಿದೆ. ಶಿಕ್ಷಣದ ಬಾಗಿಲನ್ನು ಸಕಾಲದಲ್ಲಿ ತಟ್ಟದ ನಮ್ಮ ತಪ್ಪೂ ಇದೆ.

ಗೋದ್ರೆಜ್ ಕಂಪೆನಿ 1955ರಲ್ಲಿ ದೇಶೀಯ ಟೈಪ್‌ರೈಟರ್ ತಯಾರಿಸಿದಾಗ ಅದು ಸ್ವಾವಲಂಬನೆಯ ಸಂಕೇತವಾಗಿತ್ತು. 2009ರಲ್ಲಿ ಅದೇ ಕಂಪೆನಿ ತಯಾರಿಕೆ ನಿಲ್ಲಿಸಿತು. ಅಷ್ಟರಲ್ಲಾಗಲೇ ‘ಭೂಮಿ’ ಯೋಜನೆಯಡಿ ಪಹಣಿಗಳು ಕಂಪ್ಯೂಟರ್ ಸೇರಿದ್ದವು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡಕ್ಕೆ ಹೊಸ ದಾರಿ ತೋರಿಸಿತ್ತು. ಇದು ಒಳ್ಳೆಯದೇ, ಕಾಲಚಕ್ರವನ್ನು ಹಿಂದಕ್ಕೆ ತಿರುಗಿಸಿ ಎಂದು ನಾವು ಹೇಳುವುದಿಲ್ಲ. ಆದರೆ ಬೇರೆಡೆ ಏನಾಯಿತೆಂದು ನೋಡಿ. ಅಮೆರಿಕದ ಬರ್ಕ್ಲಿಯ ಒಂದು ಟೈಪ್‌ರೈಟರ್ ರಿಪೇರಿ ಅಂಗಡಿಯ ಬಗ್ಗೆ 2016ರಲ್ಲಿ ಸಾಕ್ಷ್ಯಚಿತ್ರವೇ ಬಂತು. ನಟ ಟಾಮ್ ಹ್ಯಾಂಕ್ಸ್‌ರಂಥವರು ಹಳೆಯ ಯಂತ್ರಗಳನ್ನು ಸಂಗ್ರಹಿಸಿ ಅವುಗಳ ಮೇಲೆ ಕಥೆ ಬರೆದರು. ಆ ಅಭಿಮಾನಿಗಳ ಬಳಗ ಯಂತ್ರದ ಜೊತೆಗೆ ಮೆಕ್ಯಾನಿಕ್‌ನನ್ನೂ ಗೌರವಿಸಿತು. ನಮ್ಮಲ್ಲಿ ಯಂತ್ರ ಗುಜರಿಗೆ ಹೋಯಿತು, ಮೆಕ್ಯಾನಿಕ್ ಮರೆವಿಗೆ ಹೋದ.

ಪವಿತ್ರ ಕುರ್‌ಆನಿನ 57ನೆಯ ಅಧ್ಯಾಯದ ಹೆಸರು ‘ಅಲ್ ಹದೀದ್’, ಅಂದರೆ ಕಬ್ಬಿಣ. 68ನೆಯದರ ಹೆಸರು ‘ಅಲ್ ಖಲಮ್’, ಅಂದರೆ ಲೇಖನಿ. ಎರಡಕ್ಕೂ ಅಲ್ಲಿ ಗೌರವದ ಸ್ಥಾನವಿದೆ. ಪ್ರವಾದಿ ದಾವೂದ್(ಅ) ಕಬ್ಬಿಣದ ಕೆಲಸ ಬಲ್ಲವರಾಗಿದ್ದರೆಂಬುದನ್ನೂ ನಾವು ಓದುತ್ತೇವೆ. ಕಬ್ಬಿಣವನ್ನೇ ಲೇಖನಿಯಾಗಿಸಿಕೊಂಡ ಯಂತ್ರವನ್ನು ದುರಸ್ತಿ ಮಾಡಿದವರು ಯಾವ ಜಾತಿ, ಯಾವ ಧರ್ಮದವರಾದರೂ ಈ ನಾಡಿನ ಅಕ್ಷರದ ಋಣದಲ್ಲಿ ಪಾಲುದಾರರು.

2023ರಲ್ಲಿ ಬೇಲೂರು, ಹಳೇಬೀಡು ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯ ಜೊತೆಗೆ ಒಂದು ಸಣ್ಣ ಕೆಲಸವನ್ನೂ ಮಾಡೋಣ. ನಮ್ಮ ನಮ್ಮ ಊರುಗಳಲ್ಲಿ ಇಂಥ ಹಿರಿಯರು ಇನ್ನೂ ಇದ್ದರೆ ಹೋಗಿ ಅವರ ಮುಂದೆ ಕೂರೋಣ, ಅವರ ಕೆಲಸದ ನೆನಪುಗಳನ್ನು ಬರೆದಿಡೋಣ. ದಾಸೋಜನ ಕೈಯಲ್ಲಿ ಉಳಿಯಿತ್ತು, ತನ್ನ ಹೆಸರನ್ನು ತಾನೇ ಕೆತ್ತಿಕೊಂಡ. ಇವರ ಹೆಸರನ್ನು ನಾವು ಬರೆಯದಿದ್ದರೆ ಬೇರೆ ಯಾರು ಬರೆದಾರು?